ಕೆಂಚನಿಗಾಗಿ ಇಟ್ಟ ಆಣೆ

ಕರ್ಪೂರ ಹತ್ತಿಕೊಂಡಿತು. "ಯಾರ್ಲಾ ಗಂಡಸ್ರು, ಮುಂದುಕ್ ಬನ್ನಿ!" ಎಂದು ಅಭಿಮಾನಿ ಸಂಘದ ಅಧ್ಯಕ್ಷ ಬಸವಪ್ರಸಾದ್ ಕೂಗಿದ್ದೇ ತಡ, ರಂಗರಾಜು ಎಲ್ಲರನ್ನೂ ತಳ್ಳಿಕೊಂಡು ಹೋಗಿ ಉರಿಯ ಮೇಲೆ ಅಂಗೈ ಹಿಡಿದ.

"ಕೆಂಚನ್ನ ಕೊಂಡ್ಕಂಡ ಆ ಕಂಪ್ನಿ ತೋರ್ಸೋ ಯಾವ ಪಿಚ್ಚರ್ನೂ ಈ ಕಣ್ಣಲ್ಲಿ ನೋಡಕಿಲ್ಲ. ಮಾದಪ್ಪನಾಣೆ!"

ಗುಂಡ್ಲುಪೇಟೆಯಲ್ಲಿ ಬಸವಪ್ರಸಾದನ ಮೊಬೈಲ್ ಅಂಗಡಿಯ ಮುಂದೆ ನೆರೆದಿದ್ದ ಅಭಿಮಾನಿಗಳು ಶಿಳ್ಳೆ ಹೊಡೆದರು. ಹೊಟ್ಟೆ ಉರಿಯದೆ ಇರುತ್ತದೆಯೇ? 'ಕಾಡಂಚಿನ ಕೆಂಚ' ಚಿತ್ರದ ಮೂರು ಭಾಗಗಳನ್ನೂ, ಕೆಂಚನೆಂಬ ಹೆಸರನ್ನೂ ಮುಂಬಯಿಯ ದೊಡ್ಡ ಕಂಪನಿಯೊಂದು ಇಡಿಯಾಗಿ ಕೊಂಡುಬಿಟ್ಟಿತ್ತು. ನಾಲ್ಕನೆಯ ಭಾಗಕ್ಕೆ ಬೇರೆ ನಾಯಕನಂತೆ, ಅವನಿಗೆ ಕನ್ನಡವೇ ಬಾರದಂತೆ. ಸುತ್ತಲಿನ ಹುಡುಗರು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ ಕೆಂಚ ಸಂತೆಯ ಎತ್ತಿನ ಹಾಗೆ ಕೈ ಬದಲಾಯಿಸಿದ್ದ. "ನಮ್ಮುನ್ನ ಒಂದ್ ಮಾತ್ ಕೇಳುದ್ರಾ ಇವ್ರು?" ಎಂದು ಹಂಗಳದ ಪಂಚಾಯಿತಿ ನೀರುಗಂಟಿ ರಂಗರಾಜು ಗಂಟಲು ಕಟ್ಟುವವರೆಗೆ ಅಬ್ಬರಿಸಿದ. ಊರಿಗೆ ಮರಳುವ ಬಸ್ಸಿನಲ್ಲೂ ಎದೆ ಸೆಟೆಸಿಕೊಂಡೇ ಕೂತಿದ್ದ.

ವಾರ ಕಳೆಯಿತು. ಟ್ಯಾಂಕಿಗೆ ನೀರು ಬಿಟ್ಟು, ಅದು ತುಂಬುವವರೆಗೆ ಹೊತ್ತು ಹೋಗಲೆಂದು ಎಂದಿನಂತೆ ಫೋನು ತೆಗೆದ. ಯೂಟ್ಯೂಬಿನಲ್ಲಿ ಮೊದಲ ಭಾಗ ಇರಲಿಲ್ಲ. ಹೆಸರನ್ನು ತಿರುಗಿಸಿ ಮುರುಗಿಸಿ ಹುಡುಕಿದ, ಇಲ್ಲ. ಕಂಪನಿ ಅದನ್ನು ಎಲ್ಲ ಕಡೆಯಿಂದ ತೆಗೆಸಿ, ಹೊಸದಾಗಿ ಹೊಳಪು ಕೊಟ್ಟು, ತನ್ನ ಆ್ಯಪಿಗೆ ಮಾತ್ರ ಸೇರಿಸಿಕೊಂಡಿತ್ತು. ರಂಗರಾಜುವಿನ ಅವ್ವ ಇದ್ದದ್ದು ಅದರಲ್ಲೇ.

ಹಿಂದೆ ಹಂಗಳದ ಹೊಲಗಳಲ್ಲಿ ಶೂಟಿಂಗ್ ನಡೆದಾಗ, ಕಳೆ ಕೀಳುತ್ತಿದ್ದ ಅವನ ಅವ್ವ ಸಣ್ಣಮ್ಮನನ್ನು ಯಾರೋ ಕರೆದು ನಿಲ್ಲಿಸಿದ್ದರು. ಪೊಲೀಸರಿಂದ ತಪ್ಪಿಸಿಕೊಂಡು ಓಡಿ ಬಂದ ಕೆಂಚನಿಗೆ ಚೊಂಬಿನಲ್ಲಿ ನೀರು ಕೊಟ್ಟು, "ನಿಧಾನುಕ್ ಕುಡಿ ಮಗ, ನೀರೇನ್ ಓಡೋದದಾ?" ಅನ್ನಬೇಕು, ಅಷ್ಟೇ. ಹೋದ ವರ್ಷ ಅವಳು ತೀರಿಕೊಂಡಾಗ ಗೋಡೆಗೆ ಹಾಕಲು ಆಧಾರ್ ಕಾರ್ಡಿನ ಫೋಟೊ ಬಿಟ್ಟರೆ ಬೇರೊಂದು ಸಿಗಲಿಲ್ಲ. ಅದರಲ್ಲಿ ಅವಳದು ಬೈಸಿಕೊಂಡವಳ ಮುಖ. ನಡೆಯುವ, ನಗುವ, ಮಾತಾಡುವ ಅವ್ವ ಅವನಿಗೆ ಉಳಿದಿದ್ದು ಕೆಂಚನ ಪಿಚ್ಚರಿನಲ್ಲಿ ಮಾತ್ರ. ಆಣೆ ಇಡುವ ಆವೇಶದಲ್ಲಿ ಈ ಪುಣ್ಯಾತ್ಮನಿಗೆ ಅದು ಹೊಳೆಯಲೇ ಇಲ್ಲ!

ಸಂಕಟ ತಡೆಯದೆ ಬಸವಪ್ರಸಾದನ ಹತ್ತಿರ ಹೋದ. ಅವನ ಅಂಗಡಿಯ ಗಾಜಿಗೇ ಆ ಆ್ಯಪಿನ ಪೋಸ್ಟರು ಅಂಟಿತ್ತು.

"ಅಯ್ಯೋ, ಅದ್ನ ಇನ್ನೂ ಇಡ್ಕಂಡ್ ಕೂತಿದ್ದೀಯೇನ್ಲಾ?" ಬಸವಪ್ರಸಾದ್ ನಕ್ಕ. "ನನ್ದು ಯಾಪಾರ ಕಣ್ಲಾ, ಏನ್ ಮಾಡನ? ನೀನು ಬೆಟ್ಟುಕ್ ಓಗಿ ತಪ್ಪುಕಾಣಿಕೆ ಆಕ್ಬುಟ್ಟು ನೋಡು. ಮಾದಪ್ಪ ಇಂತವ್ಕೆಲ್ಲ ಮುನುಸ್ಕತಾನಾ?"

ರಂಗರಾಜುವಿಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಬಾರಿಸದೆ ಎದ್ದು ಬಂದ. ಬೇರೆ ಯಾವ ದೇವರ ಮೇಲೆ ಆಣೆ ಇಟ್ಟಿದ್ದರೂ ಕಾಣಿಕೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದನೇನೋ. ಆದರೆ ಅವ್ವ ಸೋಮವಾರ ತಪ್ಪದೆ ಒಪ್ಪತ್ತು ಇದ್ದವಳು, ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆದವಳು. ಕೋಳಿ ಕದ್ದವರನ್ನು ಬೈಯುವಾಗಲೂ ಆ ಹೆಸರು ಎತ್ತುತ್ತಿರಲಿಲ್ಲ. "ಮಾದಪ್ಪನ ಎಸ್ರೇಳಿ ಆಡುದ್ ಮಾತು ಅಂದ್ರೆ ಮುಗೀತು ಕಣ ಮಗ" ಅನ್ನುತ್ತಿದ್ದಳು. ಅವಳನ್ನು ನೋಡುವ ಆಸೆಗೆ ಅವಳ ದೇವರಿಗೇ ಕೊಟ್ಟ ಮಾತು ಮುರಿಯುವುದು ಹೇಗೆ?

ಗಂಡ ಊಟದ ಮುಂದೆ ಸುಮ್ಮನೆ ಕೂರುವುದನ್ನು ನೋಡಿ ನೋಡಿ ಭಾನುವಿಗೆ ಸಾಕಾಯಿತು. ಒಂದು ಮಧ್ಯಾಹ್ನ ತನ್ನ ಫೋನಿಗೆ ಆ ಆ್ಯಪನ್ನು ಹಾಕಿಸಿಕೊಂಡೇ ಬಂದಳು.

"ಆಣೆ ಇಟ್ಟೋರು ನೀವು, ನಾನಲ್ಲ. ಗ್ವಾಡೆ ಕಡಿಕೆ ತಿರುಕ್ಕಳಿ. ಕಣ್ಣಲ್ಲಿ ನೋಡಕಿಲ್ಲ ಅಂದಿದ್ದು ತಾನೆ? ಕಿವೀಲಿ ಕೇಳಿ."

ರಂಗರಾಜು ಮಗುವಿನ ಹಾಗೆ ಗೋಡೆಗೆ ಮುಖ ಮಾಡಿ ಕೂತ. ಕೆಂಚ ಓಡಿ ಬರುವ ಸದ್ದು, ನಾಯಿ ಬೊಗಳುವುದು, ಬೇಲಿ ಮುರಿಯುವುದು, ಎಲ್ಲವೂ ಅವನಿಗೆ ಬಾಯಿಪಾಠ. ಅವ್ವನ ಬಳೆ ಸದ್ದಾಯಿತು.

"ನಿಧಾನವಾಗಿ ಕುಡಿಯಪ್ಪಾ, ನೀರು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದಿತು ಯಾವಳೋ ಪಟ್ಟಣದವಳ ನಯವಾದ ದನಿ.

"ಯಾರಮ್ಮಿ ಅದು?"

"ಅತ್ತೇನೇ..." ಭಾನು ತಡವರಿಸಿದಳು. "ದನಿ ಬದ್ಲಾಯ್ಸ್ಬುಟ್ಟವ್ರೆ. ಆದ್ರೆ ಅತ್ತೇನೇ ಕಣೇಳಿ, ಸೆರಗ ಬಾಯ್ಗೆ ಅಡ್ಡ ಇಟ್ಕಂಡ್ ನಗ್ತಾವ್ರೆ. ಈಗ ಇತ್ತಗೆ ನೋಡ್ತಾವ್ರೆ, ಸೀದಾ ಇತ್ತಗೆ."

ಕ್ಯಾಮೆರಾದ ಕಡೆ ನೋಡಕೂಡದೆಂದು ಅಂದು ಅವಳಿಗೆ ಸಾರಿಸಾರಿ ಹೇಳಿದ್ದರು. ಆದರೂ ಅದರ ಹಿಂದೆ ಜನರ ನಡುವೆ ನಿಂತು ಕೈ ಬೀಸುತ್ತಿದ್ದ ಮಗ ಕಣ್ಣಿಗೆ ಬಿದ್ದಾಗ ಅವಳಿಂದ ತಡೆಯಲಾಗಿರಲಿಲ್ಲ.

"ಅಲ್ಲೇ ನಿಲ್ಸು" ಎಂದ ರಂಗರಾಜು.

ಭಾನು ನಿಲ್ಲಿಸಿದಳು. ಅತ್ತೆಯ ಮುಖವನ್ನು ಗಂಡನ ಬೆನ್ನಿನ ಕಡೆ ಹಿಡಿದುಕೊಂಡು, ಕೈ ಸೋಲುವವರೆಗೂ ಹಾಗೇ ಕೂತಿದ್ದಳು. ಅವನು ತಿರುಗಲಿಲ್ಲ.