ನನ್ನ ಸದ್ದಿನ ಮರೆಯಲ್ಲಿ

ಈ ವರ್ಷವೇ ಕೊಂಡುಬಿಡುವುದೋ, ಇನ್ನೊಂದು ವರ್ಷ ತಡೆಯುವುದೋ? ಈಗ ಸಿಗುವ ಎಲೆಕ್ಟ್ರಿಕ್ ಕಾರು ಒಮ್ಮೆ ಚಾರ್ಜ್ ಮಾಡಿದರೆ ಹುಬ್ಬಳ್ಳಿಗೆ ಹೋಗಿ ಬರುತ್ತದೆ. ಬರುವ ವರ್ಷದ್ದು ಮಂಗಳೂರು ಮುಟ್ಟಿದರೂ ಇನ್ನೂ ಚಾರ್ಜ್ ಉಳಿಸಿಕೊಂಡಿರುತ್ತದಂತೆ. ಇವತ್ತು ತಂದು ನಿಲ್ಲಿಸಿದರೆ ನಾಳೆಗೆ ಅದು ಹಳೆಯದು. ಕಾಯುವುದೇ ಜಾಣತನ. ಆದರೆ ಎಲ್ಲಿಯವರೆಗೆ?

ಮನೆಯ ಮುಂದಿನ ಬೇವಿನ ಮರದ ಕೆಳಗೆ, ನನ್ನ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು, ಎಂಜಿನ್ ಚಾಲೂ ಮಾಡದೆ ಮಹಾರುದ್ರಪ್ಪನವರು ಹೀಗೆ ಯೋಚಿಸುತ್ತ ಕೂರುತ್ತಿದ್ದರು. ಬಾಯಲ್ಲಿ ಆಡದ್ದನ್ನು ಮನುಷ್ಯರು ಅಂಗೈಯಲ್ಲಿ ಹೇಳುತ್ತಾರೆ. ಅವರ ಅಂಗೈ ಬೆವರುತ್ತಿತ್ತು. ಬ್ಯಾಟರಿಯ ಲೆಕ್ಕಕ್ಕೆ ಯಾರ ಅಂಗೈಯೂ ಹಾಗೆ ಬೆವರುವುದಿಲ್ಲ.

ನಾನು ಒಂದು ಡೀಸೆಲ್ ಕಾರು. ಪುಣೆಯ ಕಡೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೊದಲ ಸಲ ನನ್ನ ಎಂಜಿನ್ ಹೊತ್ತಿಕೊಂಡಾಗ ಪರೀಕ್ಷೆ ಮಾಡುವವನು ಬಾನೆಟ್ ತಟ್ಟಿ ಮರಾಠಿಯಲ್ಲಿ ಏನೋ ಹೇಳಿ ನಕ್ಕ. ಗಂಟಲು ದೊಡ್ಡದಿದೆ ಎಂದಿರಬೇಕು. ಅದನ್ನು ಹೊಗಳಿಕೆ ಎಂದೇ ತಿಳಿದು ಬೆಳೆದೆ. ನನ್ನ ಮೊದಲ ಯಜಮಾನ ಚಿತ್ರದುರ್ಗದ ಒಬ್ಬ ಕಂಟ್ರಾಕ್ಟರು. ಹಿಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಕೂಗಾಡುತ್ತಿದ್ದ. ಅವನ ಗಂಟಲಿಗೂ ನನ್ನ ಗಂಟಲಿಗೂ ಸರಿಹೋಗಿತ್ತು. ಅವನಿಗೆ ನನಗಿಂತ ಎತ್ತರದ ಗಾಡಿ ಬೇಕೆನಿಸಿದಾಗ ದಾವಣಗೆರೆಯ ಮಹಾರುದ್ರಪ್ಪನವರ ಕೈಗೆ ಬಂದೆ.

ಇವರು ಎಂಜಿನಿಯರಿಂಗ್ ಓದಿ, ಒಂದು ಬಟ್ಟೆ ಗಿರಣಿಯ ನೇಯ್ಗೆ ವಿಭಾಗದಲ್ಲಿ ದುಡಿದವರು. ಮಗ್ಗಗಳ ಅಬ್ಬರದಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ತುಟಿ ನೋಡಿ ಮಾತು ಹಿಡಿಯುವುದನ್ನು ಎಲ್ಲರೂ ಕಲಿತಿದ್ದರು. ಗಿರಣಿಯ ಗೇಟಿನಲ್ಲಿ ನಾನೇ ನೋಡಿದ್ದೇನೆ: ರಸ್ತೆಯ ಆಚೆ ನಿಂತವನು ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದ, ಇವರು ಈಚೆಯಿಂದ ಹಾಗೇ ಉತ್ತರ ಕೊಡುತ್ತಿದ್ದರು. ಮುಂದೆ ಗಿರಣಿ ಮುಚ್ಚಿತು. ಅಭ್ಯಾಸ ಮಾತ್ರ ಅವರ ಜೊತೆ ಮನೆಗೆ ಬಂತು.

ಮನೆಯಲ್ಲಿ ಹೆಂಡತಿ ಸರ್ವಮಂಗಳ ಬಾಯಿ ತೆರೆದರೆ ಸಾಕು, ಓದುತ್ತಿದ್ದ ಪೇಪರ್ ಕೆಳಗಿಟ್ಟು ಅವರ ಕಡೆ ತಿರುಗಿಬಿಡುತ್ತಿದ್ದರು. ಆಕೆಗೆ ಅದೇ ದೊಡ್ಡ ಹೆಮ್ಮೆ. ಒಮ್ಮೆ ನನ್ನ ಬಾಗಿಲಿಗೆ ಒರಗಿ ನಿಂತು ತಮ್ಮ ಕೊಟ್ರೇಶನಿಗೆ ಹೇಳುತ್ತಿದ್ದರು:

"ನಿಮ್ಮ ಭಾವನ್ನ ನೋಡಿ ಕಲಿ. ನಾನು ಮಾತಾಡೋವಾಗ ನನ್ನ ಮುಖ ಬಿಟ್ಟು ಆಕಡೆ ಈಕಡೆ ನೋಡಲ್ಲ. ನೀನು ನಿನ್ನ ಹೆಂಡ್ತಿ ಮುಖ ನೋಡಿ ಎಷ್ಟು ದಿನ ಆತು?"

"ನೋಡಿದ್ರೆ ಏನಾದ್ರೂ ಕೇಳ್ತಾಳೆ ಅಕ್ಕ, ಅದಕ್ಕೇ ನೋಡಲ್ಲ," ಎಂದ ಕೊಟ್ರೇಶ.

ಆದರೆ ನನ್ನೊಳಗೆ ಕೂತವರು ಎದುರುಬದುರಾಗುವುದಿಲ್ಲ. ಇಬ್ಬರ ಕಣ್ಣೂ ರಸ್ತೆಯ ಮೇಲೆ. ಸರ್ವಮಂಗಳ ದಾರಿಯುದ್ದಕ್ಕೂ ಮಾತಾಡುವವರು, ಅದೂ ಮೆಲ್ಲಗೆ. ಮಹಾರುದ್ರಪ್ಪನವರು ಮತ್ತೆ ಮತ್ತೆ "ಏನಂದೆ?" ಎನ್ನುತ್ತಿದ್ದರು. ಕೊನೆಗೆ ನನ್ನ ಡ್ಯಾಶ್‌ಬೋರ್ಡ್ ಮೇಲೊಂದು ಗುದ್ದು ಬೀಳುತ್ತಿತ್ತು.

"ಈ ಗಾಡಿ ಗದ್ದಲಕ್ಕೆ ಒಂದೂ ಕೇಳಲ್ಲ ಮಂಗಳಾ. ಎಲೆಕ್ಟ್ರಿಕ್ ಒಂದು ತಗೊಂಡುಬಿಡೋಣ. ಅದರಲ್ಲಿ ಸೊಳ್ಳೆ ಹಾರಿದ್ರೂ ಗೊತ್ತಾಗುತ್ತಂತೆ."

"ಹಂಗಾದ್ರೆ ಇದನ್ನ ಆಗ ಹೇಳ್ತೀನಿ, ಬಿಡ್ರಿ."

ಅಂದಿನಿಂದ ಆಕೆ ಮಾತುಗಳನ್ನು ಎತ್ತಿಡತೊಡಗಿದರು. ಹರಿಹರದ ಸೇತುವೆ ದಾಟುವಾಗ, "ಇದೇ ಹೊಳೇಲಿ ನಾನೂ ನಮ್ಮಕ್ಕನೂ ಸಣ್ಣವರಿದ್ದಾಗ..." ಎಂದು ಶುರುಮಾಡಿ, "ಇರಲಿ, ಹೊಸ ಕಾರಲ್ಲಿ ಹೇಳ್ತೀನಿ," ಎಂದು ನಿಲ್ಲಿಸಿದರು. ಆ ಹೊಳೆಯಲ್ಲಿ ಏನಾಯಿತೆಂದು ತಿಳಿಯುವ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ಸೇತುವೆ ಬಂದಾಗಲೆಲ್ಲ ಗಂಟಲು ತಗ್ಗಿಸಲು ನೋಡುತ್ತಿದ್ದೆ. ಡೀಸೆಲ್ ಎಂಜಿನ್ನಿಗೆ ಪಿಸುಮಾತು ಬರುವುದಿಲ್ಲ.

ಕೊನೆಗೊಂದು ಬೆಳಿಗ್ಗೆ ಇಬ್ಬರೂ ಕೊಟ್ರೇಶನನ್ನು ಹತ್ತಿಸಿಕೊಂಡು ಎಲೆಕ್ಟ್ರಿಕ್ ಕಾರಿನ ಷೋರೂಮಿಗೆ ಹೊರಟರು. ಮಹಾರುದ್ರಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಸರ್ವಮಂಗಳ ಮೈಸೂರು ಮಲ್ಲಿಗೆಯ ಬಣ್ಣದ ಸೀರೆ ಉಟ್ಟಿದ್ದರು. ಕಾರು ಬಿಳಿಯ ಬಣ್ಣದ್ದೇ ಆಗಬೇಕು ಎಂಬುದೂ ದಾರಿಯಲ್ಲೇ ತೀರ್ಮಾನವಾಗಿತ್ತು. ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಓಡಿಸಿ ನೋಡಲು ಕೊಟ್ಟ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದರು. ಅದು ಬಂದು ನನ್ನ ಪಕ್ಕದಲ್ಲಿ ನಿಂತದ್ದು ನನಗೇ ಗೊತ್ತಾಗಲಿಲ್ಲ, ಅಷ್ಟು ಮೌನ. ಗಾಜುಗಳು ಇಳಿದಿದ್ದವು. ಸರ್ವಮಂಗಳ ಮುಂದೆ ನೋಡುತ್ತಲೇ, ಸೀಟಿನ ಬಟ್ಟೆ ಸವರುತ್ತ ಕೇಳಿದರು:

"ಇದನ್ನೇ ತಗೊಳ್ಳೋಣೇನ್ರೀ?"

ನನಗೆ ಕೇಳಿಸಿತು. ಹಿಂದೆ ಕೂತ ಕೊಟ್ರೇಶನಿಗೂ ಕೇಳಿಸಿತು. ಮಹಾರುದ್ರಪ್ಪನವರು ಮಾತ್ರ ಸುಮ್ಮನಿದ್ದರು. ಆಕೆ ಇನ್ನೊಮ್ಮೆ ಕೇಳಿದರು. ಅವರು ಮುಂದಿನ ಗೋಡೆ ನೋಡುತ್ತಲೇ ಇದ್ದರು. ಕೊಟ್ರೇಶ ಭುಜ ಮುಟ್ಟಿ, "ಭಾವ, ಅಕ್ಕ ಎರಡು ಸಲ ಕೇಳಿದ್ಲು," ಎಂದ. ಅವರು ಗಕ್ಕನೆ ಹೆಂಡತಿಯ ಕಡೆ ತಿರುಗಿದರು. ಅಷ್ಟರಲ್ಲಿ ಆ ತುಟಿಗಳು ನಿಂತುಹೋಗಿದ್ದವು.

ಅವರು ಕೆಳಗಿಳಿದು ಸೇಲ್ಸ್ ಹುಡುಗನನ್ನು ಕೇಳಿದರು. "ಮುಂದಿನ ವರ್ಷ ಇದಕ್ಕೆ ಹೊಸ ಬ್ಯಾಟರಿ ಬರುತ್ತಂತೆ, ಹೌದೇನಪ್ಪಾ?"

"ಬರ್ತಾನೇ ಇರುತ್ತೆ ಸರ್," ಎಂದ ಅವನು.

"ಹಂಗಾದ್ರೆ ನೋಡೋಣ."

ಅಂದು ಸಂಜೆ ಬೇವಿನ ಮರದ ಕೆಳಗೆ ಒಬ್ಬರೇ ಬಂದು ಕೂತು, ಗಾಜುಗಳನ್ನೆಲ್ಲ ಏರಿಸಿದರು. ಬಲಗಿವಿಯ ಹತ್ತಿರ ಚಿಟಿಕೆ ಹೊಡೆದರು. ಎಡಗಿವಿಯ ಹತ್ತಿರ ಹೊಡೆದರು. ಮತ್ತೆ ಬಲಕ್ಕೆ, ಬೆರಳು ಕೆಂಪಾಗುವಷ್ಟು ಜೋರಾಗಿ. ಆಮೇಲೆ ನನ್ನ ಎಂಜಿನ್ ಚಾಲೂ ಮಾಡಿದರು. ಎಲ್ಲಿಗೂ ಹೋಗಲಿಲ್ಲ. ನನ್ನ ಸದ್ದಿನೊಳಗೆ ಕಂಬಳಿ ಹೊದ್ದವರಂತೆ ಕೂತಿದ್ದರು. ತಪ್ಪು ನನ್ನ ಗಂಟಲಿನದಲ್ಲ, ಗಿರಣಿ ಅವರ ಕಿವಿಗಳನ್ನು ಎಂದೋ ತಿಂದುಹಾಕಿದೆ ಎಂದು ಅಂದು ನನಗೂ ತಿಳಿಯಿತು. ಅವರಿಗೂ ತಿಳಿಯಿತು.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಕೆ ಊರಿಗೆಲ್ಲ ಹೇಳಿಕೊಂಡು ಬಂದ ಆ ನೋಟ, ಮುಖ ಬಿಟ್ಟು ಕದಲದ ನೋಟ, ಕಿವುಡನ ಉಪಾಯ ಮಾತ್ರ ಎಂದಾಗಿಬಿಟ್ಟರೆ? ಅದು ಅಷ್ಟೇ ಆಗಿರಲಿಲ್ಲ ಎಂದು ನಾನು ಬಲ್ಲೆ. ಅವರಿಗೇ ಆ ನಂಬಿಕೆ ಸಾಲಲಿಲ್ಲವೇನೋ.

ಅಂದಿನಿಂದ ಕಾಯುವಿಕೆಗೆ ಕಾರಣಗಳು ಹುಟ್ಟುತ್ತಲೇ ಹೋದವು. ಒಂದು ವರ್ಷ ಬ್ಯಾಟರಿ, ಒಂದು ವರ್ಷ ಚಾರ್ಜಿಂಗ್ ಬೇಗ ಆಗಲಿ ಎಂದು, ಮತ್ತೊಂದು ವರ್ಷ ಬೆಲೆ ಇಳಿಯಲಿ ಎಂದು. ಕೊಟ್ರೇಶ ತಾನೇ ಒಂದು ಎಲೆಕ್ಟ್ರಿಕ್ ಕಾರು ಕೊಂಡು ತಂದು ನನ್ನ ಪಕ್ಕ ನಿಲ್ಲಿಸಿ ಹಂಗಿಸಿದ: "ಕಾಯ್ರಿ ಭಾವ, ಇನ್ನೊಂದೆರಡು ವರ್ಷ ಕಾದ್ರೆ ಅದಕ್ಕೆ ರೆಕ್ಕೆನೂ ಬರ್ತವೆ." ಎಲ್ಲರೂ ನಕ್ಕರು. ಮಹಾರುದ್ರಪ್ಪನವರೂ ನಕ್ಕರು, ಉಳಿದವರನ್ನು ನೋಡಿಕೊಂಡು, ಸ್ವಲ್ಪ ತಡವಾಗಿ. ಅವರ ಒಂದೊಂದು ನೆಪವೂ ನನಗೆ ಒಂದೊಂದು ವರ್ಷದ ಆಯುಸ್ಸು. ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಆದರೂ ಆಕೆಯ ಮಾತನ್ನು ತುಂಬಿಸಿಕೊಂಡು ಸದ್ದಿಲ್ಲದೆ ಹೋಗುವ ಆ ಬಿಳಿಯ ಕಾರು ನಾನೇ ಆಗಿದ್ದರೆ ಎಂದು ಎಷ್ಟೋ ಸಲ ಹಂಬಲಿಸಿದ್ದೇನೆ.

ಒಂದು ಮಧ್ಯಾಹ್ನ ಕೊಟ್ಟೂರಿನಿಂದ ಬರುವಾಗ ಸರ್ವಮಂಗಳ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು:

"ನಾನು ಮಾತಾಡೋದು ನಿಮಗೆ ಬೇಜಾರೇನ್ರೀ? ಅದಕ್ಕೇ ಕಾರು ಬ್ಯಾಡಾ?"

ಆಕೆ ಏನೋ ಕೇಳಿದರೆಂಬುದಷ್ಟೇ ಅವರಿಗೆ ಗೊತ್ತಾಯಿತು. ಇತ್ತೀಚೆಗೆ "ಏನಂದೆ?" ಎನ್ನಲೂ ಹೆದರುತ್ತಿದ್ದರು. ಎಲ್ಲದಕ್ಕೂ ಹೇಳುವಂತೆ ಹೇಳಿದರು:

"ಹೂಂ."

ಗೇರ್ ಜಾರಿಸಿಯಾದರೂ, ಟೈರು ಒಡೆದಾದರೂ ಗಾಡಿ ನಿಲ್ಲಿಸಬೇಕೆನಿಸಿತು ನನಗೆ. ನಿಲ್ಲಿಸಲಾಗಲಿಲ್ಲ. ನಾನು ಚೆನ್ನಾಗಿಯೇ ಓಡಿದೆ.

ಆಮೇಲೆ ಆಕೆ ಹೊಸ ಕಾರಿನ ಸುದ್ದಿ ಎತ್ತಲಿಲ್ಲ. ಊಟಕ್ಕೆ ಕರೆಯುವಷ್ಟು, ಔಷಧಿ ನೆನಪಿಸುವಷ್ಟು ಮಾತು ಮನೆಯಲ್ಲಿ ಉಳಿಯಿತು. ನನ್ನೊಳಗೆ ಅದೂ ಇಲ್ಲ. ಮಹಾರುದ್ರಪ್ಪನವರಿಗೆ ಮೊದಮೊದಲು ಹಾಯೆನಿಸಿತು. ಕೇಳಿಸದ ಮಾತಿಗೆ ಉತ್ತರ ಹುಡುಕುವ ಕಷ್ಟ ತಪ್ಪಿತ್ತು. ಆಮೇಲೆ ಓರೆಗಣ್ಣಿನಲ್ಲಿ ಆಕೆಯ ತುಟಿಗಳನ್ನು ನೋಡತೊಡಗಿದರು. ತುಟಿಗಳು ಅಲ್ಲಾಡುತ್ತಿರಲಿಲ್ಲ. ಹರಿಹರದ ಸೇತುವೆಯ ಮೇಲೆ ಒಮ್ಮೆ ನನ್ನನ್ನು ತೀರ ನಿಧಾನ ಮಾಡಿ, ಅತ್ತ ತಿರುಗಿ ನೋಡಿದರು. ಆಕೆ ಹೊಳೆಯನ್ನೂ ನೋಡಲಿಲ್ಲ.

ನನಗೂ ವಯಸ್ಸಾಯಿತು. ಹೊಗೆ ಹೆಚ್ಚಿತು, ಫಿಟ್‌ನೆಸ್ ಸರ್ಟಿಫಿಕೇಟ್ ಸಿಗಲಿಲ್ಲ. ಹೈವೇ ಬದಿಯ ಗುಜರಿಗೆ ನನ್ನನ್ನು ಒಪ್ಪಿಸಲು ಇಬ್ಬರೂ ಬಂದರು. ಗುಜರಿಯವನು ಬೀಗದ ಕೈ ತೆಗೆದುಕೊಂಡು, "ಹೊಸದು ಯಾವುದು ತಗೊಂಡ್ರಿ ಸಾರ್?" ಎಂದ.

"ಕಾಯ್ತಾ ಇದೀವಪ್ಪ. ಇನ್ನೂ ಒಳ್ಳೇ ಬ್ಯಾಟರಿ ಬರೋದಿದೆ."

ಸರ್ವಮಂಗಳ ನನ್ನ ಬಾಗಿಲನ್ನು ಮೆಲ್ಲಗೆ ತಳ್ಳಿ ಮುಚ್ಚಿ, ರಸ್ತೆಯ ಕಡೆ ಹೆಜ್ಜೆ ಹಾಕಿದರು.

"ಮಂಗಳಾ," ಎಂದರು ಅವರು.

ಆಕೆ ತಿರುಗಿ ನಿಂತರು. ಎಂಜಿನ್ನಿನ ಸದ್ದಿರಲಿಲ್ಲ, ಗಾಳಿ ಇರಲಿಲ್ಲ. ಇಬ್ಬರೂ ಎದುರುಬದುರಾಗಿದ್ದರು. "ಏನ್ರೀ?" ಎಂದು ಆಕೆಯ ತುಟಿಗಳು ಕೇಳಿದವು. ಅವು ಇನ್ನೂ ಏನಾದರೂ ಹೇಳುತ್ತವೆಯೇ ಎಂದು ಅವರು ಬಹಳ ಹೊತ್ತು ನೋಡಿದರು.

"ಏನಿಲ್ಲ. ಆಟೋ ಸಿಗುತ್ತಾ ನೋಡು."

ಆಟೋ ಸಿಕ್ಕಿತು. ಹೋದರು.

ಈಗ ನನ್ನ ಎಂಜಿನ್ ಬಿಚ್ಚಿಕೊಂಡು ಹೋಗಿದ್ದಾರೆ. ಒಂದು ಕಾಲಕ್ಕೆ ನಾನು ಹಂಬಲಿಸಿದ ಮೌನ ಬೇಕಾದಷ್ಟು ಸಿಕ್ಕಿದೆ. ಖಾಲಿ ಸೀಟುಗಳನ್ನು ಹೊತ್ತುಕೊಂಡು ಯೋಚಿಸುತ್ತೇನೆ: ಅವರಿಬ್ಬರ ನಡುವೆ ಅಷ್ಟು ವರ್ಷ ಇದ್ದದ್ದು ನನ್ನ ಸದ್ದಲ್ಲ. ನನ್ನ ಸದ್ದು ಅದನ್ನು ಮುಚ್ಚಿಟ್ಟಿತ್ತು, ಅಷ್ಟೇ.

ತಮಗೆ ಕಿವಿ ಕೇಳಿಸುವುದಿಲ್ಲ ಎಂದು ಮಹಾರುದ್ರಪ್ಪನವರು ಹೆಂಡತಿಗೆ ಎಂದೂ ಹೇಳಲಿಲ್ಲ.