ನಾಲ್ಕನೆಯ ದಿನದ ಕಲ್ಲು

ಟಿಪ್ಪರ್ ಸುರಿದ ರಾಶಿಯಿಂದ ಒಂದು ಕಲ್ಲನ್ನೆತ್ತಿ ಇಂಜಿನಿಯರ್ ಸುತ್ತಿಗೆಯಿಂದ ಬಡಿದ. ಠಣ್ಣೆಂದಿತು. ಸಮಾಧಾನವಾಗುವ ಬದಲು ಅವನ ಅನುಮಾನ ಹೆಚ್ಚಿತು.

ಗುಡ್ಡ ಕಡಿದು ಬಂದ ಕಲ್ಲನ್ನೇ ಪಕ್ಕದ ತಗ್ಗಿಗೆ ತುಂಬಿ ಹೆದ್ದಾರಿಗೆ ಏರಿ ಎಬ್ಬಿಸುತ್ತಿದ್ದರು. ಕಡಿಸುವ ಮೇಸ್ತ್ರಿ ಅವನ ಅಕ್ಕನ ಗಂಡ. ಪರೀಕ್ಷೆಯ ನಿಯಮದಂತೆ ಒಂದು ದಿನ ನೀರಲ್ಲಿ ನೆನೆದರೂ ಕಲ್ಲು ಕರಗಬಾರದು. ಕರಗುವಂಥದ್ದಾದರೆ ಮಳೆಗಾಲದಲ್ಲಿ ಏರಿ ಕೆಸರಾಗಿ ರಸ್ತೆಯೇ ಕುಸಿದೀತು. ಭಾವ ಕಳಿಸಿದ ಆರು ಮಾದರಿಗಳೂ ಒಂಚೂರೂ ಕರಗಿರಲಿಲ್ಲ. ಆರಕ್ಕೆ ಆರೂ ಹೀಗಿರಲು ಸಾಧ್ಯವಿಲ್ಲ, ಎಲ್ಲಿಂದಲೋ ಗಟ್ಟಿ ಕಲ್ಲು ಆರಿಸಿ ತಂದು ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದುಕೊಂಡ.

ತಾನೇ ಗುಡ್ಡ ಹತ್ತಿ, ಕೈಯಾರೆ ಕಲ್ಲು ಕಿತ್ತು ತಂದು ನೆನೆಹಾಕಿ, ಪರೀಕ್ಷೆಯ ಕೋಣೆಗೆ ಬೀಗ ಜಡಿದ. ಮಾರನೆಯ ದಿನ ನೋಡಿದರೆ ಅವೂ ಗಟ್ಟಿಯಾಗಿಯೇ ಇದ್ದವು. ನಾಚಿಕೆಯಾಯಿತು. ಒಪ್ಪಿಗೆ ಕೊಡದಿದ್ದರೆ ಗುಡ್ಡದ ಕೆಲಸ ನಿಂತು ಭಾವ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಭಾವ ಮಾತ್ರ ಬೀಗದ ವಿಷಯ ಎತ್ತದೆ, ಮಧ್ಯಾಹ್ನ ಊಟಕ್ಕೆ ಬಾ ಎಂದಷ್ಟೇ ಹೇಳಿ ಕಳಿಸಿದ್ದರು. ಅಲ್ಲೇ ಸಹಿ ಹಾಕಿ ಕೊಟ್ಟರಾಯಿತೆಂದು ಒಪ್ಪಿಗೆಯ ಕಾಗದವನ್ನು ಜೇಬಿಗಿಟ್ಟುಕೊಂಡ.

ಅಕ್ಕನ ಹಿತ್ತಿಲಲ್ಲಿ ಕೈ ತೊಳೆಯುವಾಗ ಹಲಗೆ ಮುಚ್ಚಿದ ಒಂದು ಬಕೆಟ್ಟು ಕಂಡಿತು.

"ಅದನ್ನ ಮುಟ್ಟಬೇಡ್ವೋ," ಎಂದಳು ಅಕ್ಕ ಅಡುಗೆಮನೆಯಿಂದ. "ನಿಮ್ಮ ಭಾವ ನಾಲ್ಕು ದಿನದಿಂದ ಅದರಲ್ಲಿ ಕಲ್ಲು ನೆನೆಹಾಕಿದ್ದಾರೆ. ಬೇಯಿಸಿ ಬಡಿಸ್ತಾರೋ ಏನೋ."

ಹಲಗೆ ಸರಿಸಿ ಕೈಯಿಳಿಸಿದ. ಕಲ್ಲು ಸಿಗಲಿಲ್ಲ. ಮಣಿಕಟ್ಟಿನವರೆಗೂ ಬೂದು ಕೆಸರು ಹತ್ತಿತು.

ಹಿಂಬಾಗಿಲಲ್ಲಿ ಭಾವ ನಿಂತಿದ್ದರು. "ಗುಡ್ಡದ್ದೇ ಕಲ್ಲು. ಮೂರು ದಿನ ಗಟ್ಟಿಯಾಗೇ ಇತ್ತು," ಎಂದರು. "ನಿನ್ನ ಪರೀಕ್ಷೆ ಒಂದೇ ದಿನದ್ದಲ್ವಾ."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಊಟ ಆದ್ಮೇಲೆ ಹೇಳೋಣ ಅಂತಿದ್ದೆ."

ನಿಜವೋ, ಆ ಗಳಿಗೆಯಲ್ಲಿ ಹುಟ್ಟಿದ ಮಾತೋ, ಮುಖ ನೋಡಿ ಹೇಳುವಂತಿರಲಿಲ್ಲ. ಇಪ್ಪತ್ತು ವರ್ಷದಿಂದ ನೋಡುತ್ತ ಬಂದ ಮುಖವನ್ನು ಇವತ್ತು ನಂಬಲಾಗುತ್ತಿಲ್ಲವಲ್ಲ ಎಂದು ಅವನಿಗೆ ಸಂಕಟವಾಯಿತು.

ತಟ್ಟೆ ಹಾಕಿದ್ದೇನೆ ಬನ್ನಿ ಎಂದು ಅಕ್ಕ ಕರೆದಳು. ಅವನು ಪರೀಕ್ಷೆಯ ಕೋಣೆಗೆ ಒಯ್ಯಲೆಂದು ಬಕೆಟ್ಟನ್ನೆತ್ತಿಕೊಂಡು ಜೀಪಿನ ಕಡೆ ಹೊರಟ. ಭಾರಕ್ಕೆ ಕಾಲು ತಡವರಿಸಿತು. ಹಿಂದಿನಿಂದ ಬಂದ ಭಾವ ಹಿಡಿಕೆಗೆ ಕೈ ಹಾಕಿದರು.

"ಬಿಡು, ಚೆಲ್ಲೀತು."

ಅವನು ಬಿಡಲಿಲ್ಲ. ಭಾವನೂ ಬಿಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಅದನ್ನು ಹಿಡಿದುಕೊಂಡೇ ಜೀಪಿನವರೆಗೆ ನಡೆದರು.