ಬಲಗಡೆಯ ಒಂಬತ್ತು ಮಿಲಿಮೀಟರ್

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ, ಅರ್ಧಕ್ಕೆ ಎದ್ದು ಹೋಗಬೇಡಿ. ನೊಯೆಮಿ ಮಾಡಿದ್ದು ಸರಿಯೋ ತಪ್ಪೋ ಅಂತ ಕೊನೆಗೆ ನಿಮ್ಮನ್ನೇ ಕೇಳುವುದಿದೆ.

ಇಟಲಿಯ ಮೊಂಕಲಿಯೇರಿಯಲ್ಲಿ ಹಳೆಯ ಕಾರುಗಳನ್ನು ಸರಿಪಡಿಸುವ ಸೆವೆರೀನೊನ ಶೆಡ್ಡಿಗೆ ಆ ವಸಂತದಲ್ಲಿ ಬಂದದ್ದು 1956ರ ಒಂದು ಲಾಂಚಾ ಕಾರು. ಇಂಜಿನ್ನು, ಚಕ್ರ, ಅಡಿಯ ಚೌಕಟ್ಟು ಇಷ್ಟು ಮಾತ್ರ ಲಾಂಚಾದವರದು. ಮೈಯನ್ನು ಸೂಟು ಹೊಲಿಸಿದ ಹಾಗೆ ಬೇರೆ ಕಡೆ ಮಾಡಿಸಿದ್ದು. ತೂರಿನ್‌ನ ಒಬ್ಬ ಸಿರಿವಂತ ಹೆಂಗಸು ಗಾರೆಲ್ಲೊ ಎಂಬ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ಕೈಯಿಂದಲೇ ಬಡಿಸಿ, ತನಗೆ ಬೇಕಾದ ತಿರುವು, ಬೇಕಾದ ಸೊಂಟ ಕೊಡಿಸಿದ್ದಳು. ಅಂಥ ಕಾರು ಪ್ರಪಂಚದಲ್ಲಿ ಇನ್ನೊಂದಿಲ್ಲ. ಗಾರೆಲ್ಲೊ ಬಾಗಿಲು ಹಾಕಿ ಐವತ್ತು ವರ್ಷ ಕಳೆದಿದೆ.

ನೊಯೆಮಿಗೆ ಇಪ್ಪತ್ತಾರು. ಸೆವೆರೀನೊನ ಹತ್ತಿರ ತಗಡು ಬಡಿಯುವ ಕೆಲಸಕ್ಕೆ ಸೇರಿ ಐದು ವರ್ಷ. ಅವಳಿಗೆ ಹೇಳಿದ್ದು ಬಲಗಡೆಯ ಮುಂದಿನ ಮಡ್‌ಗಾರ್ಡಿನಲ್ಲಿ, ದೀಪದ ಪಕ್ಕದ ಒಂದು ಬಿರುಕನ್ನು ಮುಚ್ಚು ಅಂತ. ಅಷ್ಟೇ. ಬಿರುಕು ಮುಚ್ಚಿದಳು. ಆದರೆ ಕೈ ಸುಮ್ಮನಿರಬೇಕಲ್ಲ. ಎಡಗಡೆಯ ತಿರುವನ್ನು ರಟ್ಟಿನಲ್ಲಿ ಕತ್ತರಿಸಿಕೊಂಡು ಬಲಗಡೆಗೆ ತಿರುಗಿಸಿಟ್ಟು ನೋಡಿದಳು. ಬಲಗಡೆಯ ನೆತ್ತಿ ಒಂಬತ್ತು ಮಿಲಿಮೀಟರ್ ತಗ್ಗು. ಯಾವ ಕಾಲದಲ್ಲೋ ಎಲ್ಲೋ ಗುದ್ದಿರಬೇಕು ಅಂದುಕೊಂಡಳು. ಸೆವೆರೀನೊ ಊರಲ್ಲಿರಲಿಲ್ಲ. ಎರಡು ದಿನ ಒಳಗಿನಿಂದ ಮೆಲ್ಲಗೆ ಬಡಿದು ಎತ್ತಿದಳು. ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸ ಉಳಿಯಲಿಲ್ಲ. ತನ್ನ ಕೆಲಸ ನೋಡಿ ತಾನೇ ಬೀಗಿದಳು.

ಬುಧವಾರ ಸೆವೆರೀನೊ ಹಿಂದಿರುಗಿದ. ಕೈಯಲ್ಲಿ ಒಂದು ಹಳೆಯ ಫೋಟೊ.

"ಮಾಲೀಕರ ಮನೆಯಲ್ಲಿ ಸಿಕ್ತು ನೋಡು. ಕಾರು ಕಾರ್ಖಾನೆಯಿಂದ ಹೊರಗೆ ಬಂದ ದಿನದ್ದು. ಕೋಮೊ ಸರೋವರದ ಹಳೇ ಕಾರುಗಳ ಸ್ಪರ್ಧೇಲಿ ತೀರ್ಪುಗಾರರು ಇದನ್ನೇ ಹಿಡ್ಕೊಂಡು ನೋಡ್ತಾರಂತೆ. ಒಂದು ತಗಡಿನ ಆಕಾರಾನೂ ಬದಲಾಯಿಸಿಲ್ಲ ಅಂತ ಬರೆದು ಸಹಿ ಹಾಕಿ ಕೊಟ್ಟು ಬಂದೆ."

ಅವನು ಕಾಫಿಗೆ ಹೋದ ಮೇಲೆ ನೊಯೆಮಿ ಫೋಟೊದ ಮೇಲೆ ಅಡ್ಡಲಾಗಿ ಸ್ಕೇಲು ಇಟ್ಟಳು. ಹೊಚ್ಚಹೊಸ ಕಾರು, ಬಲಗಡೆ ತಗ್ಗು. ಹುಟ್ಟುವಾಗಲೇ ತಗ್ಗು. ತಾನು ಸರಿ ಮಾಡಿದ್ದು ಏಟನ್ನಲ್ಲ, ಮೂಲ ಆಕಾರವನ್ನೇ. ಶುಕ್ರವಾರ ಬಣ್ಣದವನು ಬರುತ್ತಾನೆ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಸೆವೆರೀನೊ ಬರೆದುಕೊಟ್ಟದ್ದು ಸುಳ್ಳಾಗುತ್ತದೆ.

"ಹಾಂ, ನಾಳೆ ಸೆಕೊಂದೊ ಮಾಸ್ತ್ರೊ ಬರ್ತಾರೆ," ಸೆವೆರೀನೊ ಅಲ್ಲಿಂದಲೇ ಕೂಗಿದ. "ಗಾರೆಲ್ಲೊದಲ್ಲಿ ಇದರ ಬಲಗಡೆ ಬಡಿದಿದ್ದು ಅವರೇ ಕಣೇ."

ಸೆಕೊಂದೊಗೆ ಎಂಬತ್ತಮೂರು. ಕಣ್ಣಿಗೆ ಬೆಳಕು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ಸೆವೆರೀನೊನ ತೋಳು ಹಿಡಿದು ಬಂದವನು ಕುರ್ಚಿ ಬೇಡ ಎಂದ.

"ಕಾಫಿ ಆಮೇಲೆ. ಮೊದಲು ಕಾರಿನ ಹತ್ರ ಕರ್ಕೊಂಡು ಹೋಗು."

ಮೊದಲು ಎಡಗಡೆ ಸವರಿದ. "ಇದು ನನ್ನ ಜೊತೆಗಾರ ಪಿನೊ ಬಡಿದಿದ್ದು. ಸತ್ತು ಹದಿನೈದು ವರ್ಷ ಆಯ್ತು, ಜಂಬ ಮಾತ್ರ ಇನ್ನೂ ಇದೆ ನೋಡು."

ಆಮೇಲೆ ಬಲಗಡೆ. ಅಂಗೈ ದೀಪದಿಂದ ನೆತ್ತಿಯವರೆಗೆ ಏರಿ, ಅಲ್ಲಿಯೇ ನಿಂತಿತು. ಹಿಂದೆ ಹೋಯಿತು. ಮತ್ತೆ ಏರಿತು.

"ಸೆವೆರೀನೊ, ಇದನ್ನ ಮುಟ್ಟಿದ್ದು ಯಾರು?"

"ಯಾರೂ ಮುಟ್ಟಿಲ್ಲ ಮಾಸ್ತ್ರೊ. ಬಿರುಕು ಮುಚ್ಚಿದ್ದು ಅಷ್ಟೇ."

"ನಾನು," ಎಂದಳು ನೊಯೆಮಿ. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ನಾನೇ. ಎರಡು ದಿನ ಬಡಿದು ಒಂಬತ್ತು ಮಿಲಿಮೀಟರ್ ಎತ್ತಿದೆ. ಏಟು ಬಿದ್ದಿದೆ ಅಂದ್ಕೊಂಡೆ."

ಸೆವೆರೀನೊ ಅವಳನ್ನೂ ಕಾರನ್ನೂ ನೋಡಿದ. "ನಾನು ಸಹಿ ಹಾಕಿ ಕೊಟ್ಟಿದ್ದೀನಲ್ಲೇ."

"ನೀನು ಸ್ವಲ್ಪ ಸುಮ್ನಿರು," ಎಂದ ಮುದುಕ. "ಕತ್ತರಿಸಿದ್ಯಾ ಹುಡುಗಿ?"

"ಇಲ್ಲ."

"ಅರ ಹಾಕಿ ಉಜ್ಜಿದ್ಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ಉಸಿರು ಬಿಡು ಮಾರಾಯ್ತಿ. ಎತ್ತಿದ್ದನ್ನ ಇಳಿಸಬಹುದು. ಉಜ್ಜಿ ಹೋದ ತಗಡನ್ನ ದೇವರೂ ವಾಪಸ್ ಕೊಡಲ್ಲ."

ನೊಯೆಮಿ ನಿಜವಾಗಿಯೂ ಉಸಿರು ಬಿಟ್ಟಳು. ನಿನ್ನೆಯಿಂದ ಹಿಡಿದಿಟ್ಟುಕೊಂಡಿದ್ದ ಉಸಿರು. ಸೆಕೊಂದೊ ಈಗ ಕುರ್ಚಿ ಕೇಳಿದ.

"ಏಟೂ ಇಲ್ಲ, ಗೀಟೂ ಇಲ್ಲ. ನಮ್ಮಲ್ಲಿ ಒಂದು ಕಾರಿಗೆ ಇಬ್ಬರು. ಎಡ ಒಬ್ಬಂದು, ಬಲ ಒಬ್ಬಂದು. ಕಣ್ಣಳತೆಯೇ ಅಳತೆ. ಪಿನೊ ದೀಪದ ಕಂಬದ ಹಾಗೆ ಉದ್ದ, ನಾನು ಹೀಗೆ. ಅವನ ಕಣ್ಣಿಗೆ ಸರಿ ಕಂಡಿದ್ದು ಅಲ್ಲಿ, ನನ್ನ ಕಣ್ಣಿಗೆ ಸರಿ ಕಂಡಿದ್ದು ಇಲ್ಲಿ. ಬಣ್ಣ ಹೊಡೆದ ಮೇಲೆ ಗೊತ್ತಾಯ್ತು. ಅವತ್ತಿಂದ ಇಡೀ ಕಾರ್ಖಾನೆಗೆ ಇದು ಗಿಡ್ಡನ ಕಡೆ. ಪಿನೊ ಸಾಯೋ ವಾರ ಆಸ್ಪತ್ರೇಲಿ ನೋಡಕ್ಕೆ ಹೋದ್ರೆ ಏನು ಕೇಳ್ದ ಗೊತ್ತಾ? 'ಗಿಡ್ಡನ ಕಡೆ ಹೇಗಿದೆ?'"

ಸೆವೆರೀನೊಗೆ ನಗು ತಡೆಯಲಾಗಲಿಲ್ಲ. ಮುದುಕ ನಗಲಿಲ್ಲ. ಅಂಗೈ ಇನ್ನೂ ಮಡ್‌ಗಾರ್ಡಿನ ಮೇಲೇ ಇತ್ತು.

"ಆ ಹೆಸರು ಬಿದ್ದು ಅರವತ್ತು ವರ್ಷದ ಮೇಲಾಯ್ತು. ಈ ಹುಡುಗಿ ಎರಡೇ ದಿನದಲ್ಲಿ ಸರಿ ಮಾಡಿಟ್ಟಿದ್ದಾಳೆ," ಎಂದ ಮೆಲ್ಲಗೆ. "ಇಳಿಸಲೇಬೇಕಾ?"

"ಬಿಟ್ರೆ ನನ್ನ ಸಹಿ ಸುಳ್ಳು," ಎಂದ ಸೆವೆರೀನೊ. "ಇಳಿಸಿದ್ರೆ ಮಾಸ್ತ್ರೊ ಮತ್ತೆ ಗಿಡ್ಡ. ಈ ಮುಖ ನೋಡ್ಕೊಂಡು ನಾನಂತೂ ಹೇಳಲಾರೆ. ಎತ್ತಿದವಳು ನೀನು, ನೀನೇ ಹೇಳು." ಕಾಫಿ ಮಾಡುವ ನೆಪದಲ್ಲಿ ಒಳಗೆ ಜಾರಿಕೊಂಡ.

ನೊಯೆಮಿ ಮುದುಕನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. "ಮಾಸ್ತ್ರೊ, ನಾನು ರಟ್ಟು ಕತ್ತರಿಸಿದ್ದು ಎಡಗಡೆ ಇಟ್ಕೊಂಡು. ಈಗ ಇಲ್ಲಿರೋ ತಿರುವು ಪಿನೊದೇ. ಹೀಗೇ ಬಿಟ್ರೆ ಎರಡೂ ಕಡೆ ಪಿನೊ ಇರ್ತಾನೆ. ನೀವು ಈ ಕಾರಲ್ಲಿ ಇರೋದೇ ಇಲ್ಲ."

ಸೆಕೊಂದೊ ನೆತ್ತಿಯ ಮೇಲೆ ಇನ್ನೊಮ್ಮೆ ಅಂಗೈ ಆಡಿಸಿದ. ಆಮೇಲೆ ಭುಜ ಕುಲುಕಿತು. ನಗುತ್ತಿದ್ದ.

"ಎರಡೂ ಕಡೆ ಅವನೇ? ಸತ್ತ ಮೇಲೂ? ಇಳಿಸು ಮಾರಾಯ್ತಿ, ಈಗಲೇ ಇಳಿಸು. ಸೋಪು ಎಲ್ಲಿದೆ?"

ತಗಡು ಮೆತ್ತಗಾಗಬೇಕಾದರೆ ಅದಕ್ಕೆ ಬಟ್ಟೆ ಸೋಪು ಉಜ್ಜಿ, ಉರಿ ತೋರಿಸಿ, ಸೋಪು ಕಂದು ಬಣ್ಣಕ್ಕೆ ತಿರುಗಿದ ತಕ್ಷಣ ಉರಿ ತೆಗೆಯಬೇಕು. ಒಂದು ಕ್ಷಣ ತಡವಾದರೆ ತಗಡು ಕರಗಿ ತೂತು. ಬಣ್ಣವನ್ನು ನೊಯೆಮಿ ನೋಡುತ್ತಿದ್ದಳು, ವಾಸನೆಯನ್ನು ಸೆಕೊಂದೊ. "ಸಾಕು," ಎಂದು ಅವನು ಅನ್ನುವುದಕ್ಕೂ ಇವಳ ಕೈ ಹಿಂದೆ ಸರಿಯುವುದಕ್ಕೂ ಸರಿಹೋಗುತ್ತಿತ್ತು. ಮರದ ಸುತ್ತಿಗೆಯಲ್ಲಿ ನಾಲ್ಕು ಏಟು, ಅವನ ಅಂಗೈ, ಮತ್ತೆ ನಾಲ್ಕು ಏಟು. ಸ್ಕೇಲು ಮುಟ್ಟಲು ಅವನು ಬಿಡಲಿಲ್ಲ. ಸಂಜೆ ಐದರ ಹೊತ್ತಿಗೆ ಅಂಗೈ ದೀಪದಿಂದ ಹೊರಟು ನೆತ್ತಿ ದಾಟಿ, ಎಲ್ಲಿಯೂ ನಿಲ್ಲದೆ ಬಾಗಿಲಿನವರೆಗೆ ಹೋಯಿತು.

"ಹಾಂ, ಇಲ್ಲಿದ್ದೀನಿ," ಎಂದ. ಆರಿಹೋಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ.

ಅವನನ್ನು ಕಳಿಸಿದ ಮೇಲೆ ನೊಯೆಮಿ ಫೋಟೊ ತಂದು ಕಾರಿನ ಪಕ್ಕದಲ್ಲಿ ಹಿಡಿದಳು. ಎಡ ಉದ್ದ, ಬಲ ಗಿಡ್ಡ, ಅದರಲ್ಲೂ ಇದರಲ್ಲೂ. ಸೆವೆರೀನೊ ಅವಳ ತಲೆಗೆ ಮೆಲ್ಲಗೆ ಒಂದು ಮೊಟಕಿದ. ಕೆಲಸ ಹೋಗುವ ಭಯ ಅಲ್ಲಿಗೆ ಮುಗಿಯಿತು.

ಶುಕ್ರವಾರ ಬಣ್ಣದವನು ಬಂದ. ಕಾರಿನ ಮುಂದೆ ನಿಂತು ಒಂದು ಕಣ್ಣು ಮುಚ್ಚಿದ. "ಬಲಗಡೆ ಒಂಚೂರು ತಗ್ಗಿದೆಯಲ್ಲ. ಪುಟ್ಟಿ ಹಾಕಿ ಸಮ ಮಾಡ್ಲಾ?"

"ಮುಟ್ಟಬೇಡ," ಎಂದರು ಸೆವೆರೀನೊ, ನೊಯೆಮಿ ಇಬ್ಬರೂ ಒಟ್ಟಿಗೆ.

ಈಗ ನೀವು ಹೇಳಿ. ಆ ಮುದುಕ ಹಾಗೆ ಮೆಲ್ಲಗೆ "ಇಳಿಸಲೇಬೇಕಾ" ಎಂದು ಕೇಳಿದಾಗ, ಸುತ್ತಿಗೆ ನಿಮ್ಮ ಕೈಯಲ್ಲಿದ್ದಿದ್ದರೆ, ನೀವು ಏನು ಮಾಡುತ್ತಿದ್ದಿರಿ?